ಹೆಬ್ಬೆರಳಿನ ನಿಂಬೆಹಣ್ಣು

ಕೊರೊನಾ ಕಾಟ ಇಳಿದ ಮರುವರ್ಷದ ಮಾತು. ಹೊಸಪೇಟೆ ಆಗಷ್ಟೇ ಜಿಲ್ಲಾ ಕೇಂದ್ರವಾಗಿತ್ತು. ನಾನು ಗಾದಿಗನೂರಿನ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ; ನಿವೃತ್ತಿ ಹತ್ತಿರ ಬಂದಿತ್ತು. ಅದಿರು ಲಾರಿಗಳ ಧೂಳು ಎಷ್ಟು ಒರೆಸಿದರೂ ಮೇಜಿನ ಮೇಲೆ ಕೆಂಪಗೆ ಕೂರುತ್ತಿತ್ತು. "ಮುಟ್ಟಬೇಡಿ, ದೂರ ನಿಲ್ಲಿ" ಎಂದು ಜನರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಆ ಮಾತನ್ನು ಮತ್ತೊಮ್ಮೆ ಹೇಳಬೇಕಾಗಿ ಬಂತು.

ಹುಲಿಗೆಮ್ಮ ಎಂಬ ಅಜ್ಜಿ ಮೊಮ್ಮಗಳು ಅಂಜಲಿಯನ್ನು ಕರೆದುಕೊಂಡು ಬಂದಿದ್ದಳು. ಮಗುವಿಗೆ ಐದು ವರ್ಷ. ಅಪ್ಪ ಸಂಡೂರಿನ ಕಡೆ ಲಾರಿ ಓಡಿಸುತ್ತಿದ್ದ. ಅಮ್ಮ ರೇಣುಕಾ ಕಡ್ಡಿರಾಂಪುರದ ಖಾನಾವಳಿಯೊಂದರಲ್ಲಿ ಅಡುಗೆಗಿದ್ದು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಹೀಗಾಗಿ ಮಗುವಿಗೆ ಅಜ್ಜಿಯೇ ಎಲ್ಲ. ಅಂಜಲಿಯ ಎರಡೂ ಕೆನ್ನೆಗಳ ಮೇಲೆ, ಬಾಯಿಯ ಸುತ್ತ, ಬೆಲ್ಲದ ಪಾಕ ಒಣಗಿದಂಥ ಹಕ್ಕಳೆ ಕಟ್ಟಿತ್ತು. ಇಂಪೆಟಿಗೊ ಎಂದರು ನಮ್ಮ ಡಾಕ್ಟರು. ಬ್ಯಾಕ್ಟೀರಿಯಾದಿಂದ ಚರ್ಮದ ಮೇಲ್ಪದರಕ್ಕೆ ಬರುವ ಸೋಂಕು, ಮುಟ್ಟಿದರೆ ಹರಡುತ್ತದೆ. ಮ್ಯುಪಿರೋಸಿನ್ ಎಂಬ ಆಂಟಿಬಯೋಟಿಕ್ ಮುಲಾಮು ಬರೆದುಕೊಟ್ಟರು. ದಿನಕ್ಕೆ ಮೂರು ಸಲ, ತೆಳ್ಳಗೆ ಹಚ್ಚಬೇಕು.

ಮಗು ವಾಸಿಯಾಯಿತು. ಅಂಗನವಾಡಿಗೂ ಹೋಯಿತು. ಸ್ವಲ್ಪ ದಿನಕ್ಕೆ ಅದೇ ಕೆನ್ನೆ, ಅದೇ ಹಕ್ಕಳೆ. ಮತ್ತೆ ಮುಲಾಮು, ಮತ್ತೆ ವಾಸಿ, ಮತ್ತೆ ಅದೇ ಕಥೆ. ಮೂರನೆಯ ಸಲ ರೇಣುಕಾಳೂ ಬಂದಿದ್ದಳು, ಮುಖ ಗಂಟು ಹಾಕಿಕೊಂಡು.

"ಅತ್ತಿ ಕೈಯಾಗ ಬಿಟ್ಟಿದ್ದ ತಪ್ಪಾತು ಸಿಸ್ಟರ್. ಇವಳನ್ನ ನನ್ನ ಸಂಗಾಟ ಕರ್ಕೊಂಡು ಹೋಗ್ತೀನಿ. ತಿರುಗಿ ಕಳಿಸೋ ಮಾತ ಇಲ್ಲ."

ಹುಲಿಗೆಮ್ಮ ಸೆರಗಿನೊಳಗೆ ಬಲಗೈ ಹುದುಗಿಸಿಕೊಂಡು ಮಗುವನ್ನೇ ನೋಡುತ್ತಿದ್ದಳು. ಔಷಧ ಹಚ್ಚುವವರು ಯಾರು ಎಂದು ಕೇಳಿದೆ.

"ನಾನ ಹಚ್ತೀನ್ರಿ, ಈ ಕೈಲೆ" ಎಂದು ಕೈ ಹೊರಗೆ ತೆಗೆದಳು. ಹೆಬ್ಬೆರಳಿಗೆ ಒಂದು ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದಳು!

ನನಗೆ ನಗು ತಡೆಯಲಾಗಲಿಲ್ಲ. ಉಗುರುಸುತ್ತಿಗೆ ನಮ್ಮ ಕಡೆಯ ಮನೆಮದ್ದು ಅದು. ನಿಂಬೆಹಣ್ಣು ಕಳಚಿ ನೋಡಿದಾಗ ನಗು ಅಲ್ಲೇ ನಿಂತಿತು. ಉಗುರಿನ ಸಂದಿಯಲ್ಲಿ ಕೀವು ತುಂಬಿತ್ತು.

"ಹಚ್ಚೋ ಮುಂದ ಹಣ್ಣು ತಗೀತೀನ್ರಿ, ಆಮ್ಯಾಲೆ ಮತ್ತ ಏರಿಸ್ತೀನಿ" ಎಂದಳು, ತಾನು ಬಲು ಜಾಗ್ರತೆ ಎಂಬಂತೆ.

"ಇಷ್ಟು ದಿನ ಯಾಕ ತೋರಿಸಲಿಲ್ಲಬೇ?" ಎಂದೆ.

"ಉಗುರುಸುತ್ತಿಗೂ ಡಾಕ್ಟ್ರು ಬೇಕೇನ್ರಿ? ಮುಲಾಮು ಕೂಸಿಂದು. ನಾನ್ಯಾಕ ಅದನ್ನ ಹಾಳು ಮಾಡ್ಲಿ?"

ಇನ್ನೂ ಒಂದು ಇತ್ತು. ದಿನವೂ ಮಗುವನ್ನು ಮೀಯಿಸಿ, ಎರಡೂ ಅಂಗೈಯಿಂದ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಕಪಾಳಕ್ಕೊತ್ತಿ ಲಟಲಟನೆ ಲಟಿಕೆ ಮುರಿಯುತ್ತಿದ್ದಳಂತೆ. ದೃಷ್ಟಿ ತೆಗೆಯುತ್ತಿದ್ದ ಕೈಯೇ ರೋಗ ದಾಟಿಸುತ್ತಿತ್ತು. ಅದನ್ನು ಅವಳಿಗೆ ನಾನೇ ಹೇಳಬೇಕಾಯಿತು.

ಡಾಕ್ಟರು ಅವಳ ಬೆರಳಿನ ಕೀವು ತೆಗೆದು ಪಟ್ಟಿ ಕಟ್ಟಿ, ಬೇರೆ ಮಾತ್ರೆ ಕೊಟ್ಟರು. ರೇಣುಕಾಳಿಗೆ ನಾನು ಹೇಳಿದೆ: "ಒಂದು ವಾರ ಬಿಡವ್ವ. ಔಷಧ ನಾನ ಹಚ್ತೀನಿ."

"ಒಂದು ವಾರ, ಅಷ್ಟ" ಎಂದು ಅವಳು ಬಸ್ಸು ಹತ್ತಿದಳು.

ನನ್ನ ಕ್ವಾರ್ಟರ್ಸ್ ಆಸ್ಪತ್ರೆಯ ಹಿಂದೆಯೇ ಇತ್ತು. ಹುಲಿಗೆಮ್ಮ ಮೂರು ಹೊತ್ತೂ ಮಗುವನ್ನು ಕರೆತರುತ್ತಿದ್ದಳು. ನಾನು ಕೈ ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಹಕ್ಕಳೆ ನೆನೆಸಿ, ಮೆತ್ತಗೆ ಒರೆಸಿ, ಮುಲಾಮನ್ನು ಕಣ್ಣು ಬಾಯಿಗೆ ತಾಗದಂತೆ ಗಾಯಕ್ಕಷ್ಟೇ ಹಚ್ಚಿ, ಮತ್ತೆ ಕೈ ತೊಳೆಯುತ್ತಿದ್ದೆ. ಟವೆಲ್, ಹಾಸಿಗೆ ಬೇರೆ. ಕೈತುತ್ತು ಬಂದ್, ಚಮಚೆಯಲ್ಲಿ ಊಟ. ಜ್ವರ ಬಂದರೆ, ಮುಖ ಬಾತರೆ, ಮೂತ್ರದ ಬಣ್ಣ ಕಪ್ಪಾದರೆ ಆ ಕ್ಷಣವೇ ಬರಬೇಕು. ಗಾಯ ಮಾಯ್ದಂತೆ ಕಂಡರೂ ಹೇಳಿದಷ್ಟು ದಿನ ಹಚ್ಚಬೇಕು. ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮಂತೂ ಕೂಡದು. ಹುಲಿಗೆಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಬೆರಳು ವಾಸಿಯಾಗುವವರೆಗೆ ಮಗುವನ್ನು ಮುಟ್ಟಬಾರದು ಎಂದದ್ದಕ್ಕೆ ಮಾತ್ರ ನೆಲ ನೋಡಿದಳು.

"ಅಜ್ಜಿ ನನ್ನ ಮುಟ್ಟವಲ್ಲಳ್ರಿ" ಎಂದು ಒಂದು ಮಧ್ಯಾಹ್ನ ಅಂಜಲಿ ಅತ್ತಳು. ಅಂಗಳದ ಬೇವಿನ ಮರದಡಿ ಕೂತಿದ್ದ ಹುಲಿಗೆಮ್ಮ ಎದ್ದು ನಿಂತಳು. ಪಟ್ಟಿ ಕಟ್ಟಿದ ಕೈ ಬೆನ್ನ ಹಿಂದಿಟ್ಟುಕೊಂಡು, ಇನ್ನೊಂದರಿಂದ ಗಾಳಿಯಲ್ಲೇ ಕೆನ್ನೆ ಸವರಿದಂತೆ ಮಾಡಿ ಕಪಾಳಕ್ಕೊತ್ತಿಕೊಂಡಳು. ಒಂದೋ ಎರಡೋ ಲಟಿಕೆ ಬಿತ್ತು. ಮಗು ಅಳು ನಿಲ್ಲಿಸಿ, ಈ ಕಡೆಯದೂ ತೆಗೆ ಎಂಬಂತೆ ಇನ್ನೊಂದು ಕೆನ್ನೆ ತಿರುಗಿಸಿತು. ನಾನು ಟ್ಯೂಬಿನ ಮುಚ್ಚಳ ಹುಡುಕುವ ನೆಪ ಮಾಡಿ ಒಳಗೆ ಹೋದೆ.

ವಾರ ತುಂಬಿ ರೇಣುಕಾ ಬಂದಳು, ಮಗುವಿನ ಬಟ್ಟೆ ತುಂಬಿಕೊಳ್ಳಲು ಚೀಲವನ್ನೂ ತಂದಿದ್ದಳು. ಅಂಜಲಿಯ ಕೆನ್ನೆ ತಿಳಿಯಾಗಿತ್ತು. ಅಜ್ಜಿಯ ಬೆರಳೂ ಒಣಗಿತ್ತು. ಡಾಕ್ಟರು ಇಬ್ಬರನ್ನೂ ನೋಡಿ, ಇನ್ನು ಭಯವಿಲ್ಲ ಎಂದರು. ಹುಲಿಗೆಮ್ಮ ನಲ್ಲಿಯ ಬಳಿ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಬಂದಳು.

"ಮುಟ್ಟಲೇನ್ರಿ ಸಿಸ್ಟರ್?"

"ಮುಟ್ಟುಬೇ."

ಎಲ್ಲ ಬೆರಳೂ ಲಟಲಟ ಎಂದವು. ಮಗು ಅಜ್ಜಿಯ ಸೊಂಟಕ್ಕೆ ಮುಖ ಒತ್ತಿ ನಿಂತುಬಿಟ್ಟಿತು. ರೇಣುಕಾ ಅದನ್ನು ನೋಡಿ, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಅತ್ತಿ, ಸೋಪು ತೀರಿದ್ರ ಫೋನ್ ಮಾಡ್ರಿ" ಎಂದಷ್ಟೇ ಹೇಳಿದಳು.

ಹೊರಡುವ ಮುಂಚೆ ಹುಲಿಗೆಮ್ಮ ನನ್ನ ಹತ್ತಿರ ಬಂದಳು. "ಊರ ಮಂದಿ ಕಣ್ಣೆಲ್ಲ ನಿನ್ನ ಮ್ಯಾಲೆ ಐತೆವ್ವ" ಎಂದು ನನ್ನ ಕೆನ್ನೆಗಳನ್ನೂ ಸವರಿದಳು. ಆಸ್ಪತ್ರೆ ಸೋಪಿನ ವಾಸನೆ, ಒರಟು ಅಂಗೈ. ನಾನು ತರಬೇತಿಯಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಆಮೇಲೆ ನನ್ನ ಮುಖವನ್ನು ಹಾಗೆ ಯಾರೂ ಹಿಡಿದಿರಲಿಲ್ಲ.

ಔಷಧ ಯಾವುದು ಎಂದು ನೋಡಿದರೆ ಸಾಲದು, ಹಚ್ಚುವ ಕೈ ಯಾರದು, ಹೇಗಿದೆ ಎಂದೂ ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು; ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಸಿಕ್ಕಾಗ ಇಂದಿಗೂ ಹೇಳುತ್ತೇನೆ. ಈಗ ನಿವೃತ್ತಳಾಗಿ ಹೊಸಪೇಟೆಯಲ್ಲಿದ್ದೇನೆ. ನಿಲ್ದಾಣದಲ್ಲಿ ಗಾದಿಗನೂರಿನ ಕಡೆಗೆ ಹೋಗುವ ಬಸ್ಸು ಕಂಡಾಗಲೆಲ್ಲ ಹತ್ತಿಬಿಡುವ ಆಸೆಯಾಗುತ್ತದೆ. ಹೋಗಿ, "ಕೈ ತೊಳಕೊಂಡು ಬಾರಬೇ" ಎಂದು ಹುಲಿಗೆಮ್ಮನಿಗೆ ಹೇಳಿ, ಅವಳ ಮುಂದೆ ಮುಖ ಒಡ್ಡಿಕೊಂಡು ಕೂರಬೇಕು.