ಗಿಡ ಎಂದು ಬರೆದ ಅರ್ಜಿ

ಮೊನ್ನೆ ಬೆಳಿಗ್ಗೆ ಹಾಲಿನ ಪಾಕೀಟು ತರಲು ಹೊರಗೆ ಬಂದರೆ, ಮನೆಯ ಮುಂದಿನ ನೇರಳೆಯ ಬೊಡ್ಡೆಗೆ ಯಾರೋ ಕಾಗದ ಅಂಟಿಸಿ ಹೋಗಿದ್ದರು. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯಲ್ಲಿ ಇದು ಹೊಸದೇನಲ್ಲ. ಬಾಡಿಗೆ ಮನೆ, ಟ್ಯೂಷನ್, ಕಳೆದುಹೋದ ನಾಯಿ, ಎಲ್ಲದಕ್ಕೂ ಆ ಬೊಡ್ಡೆಯೇ ಫಲಕ. ಆದರೆ ಈ ಕಾಗದಕ್ಕೆ ಪಾಲಿಕೆಯ ಮೊಹರಿನ ಠಸೆ ಬಿದ್ದಿತ್ತು. ಒಳಗೆ ಹೋಗಿ ಕನ್ನಡಕ ತಂದು ಓದಿದೆ. ಗಟಾರ ಅಗಲ ಮಾಡುವ ಸಲುವಾಗಿ ರಸ್ತೆ ಬದಿಯ ಗಿಡಗಂಟಿಗಳನ್ನು ತೆರವುಗೊಳಿಸಲಾಗುವುದು, ತಕರಾರು ಇದ್ದವರು ಒಂದು ವಾರದೊಳಗೆ ಬರೆದು ಕೊಡಬೇಕು. ಎರಡಂತಸ್ತಿನ ನನ್ನ ಮನೆಗಿಂತ ಎತ್ತರ ಬೆಳೆದ ನೇರಳೆ ಅವರ ಕಾಗದದಲ್ಲಿ ಗಿಡಗಂಟಿಯಾಗಿತ್ತು. ನಗು ಬರಬೇಕಿತ್ತು, ಬರಲಿಲ್ಲ. ಆ ಮಾತಿಗೂ ನನಗೂ ಹಳೆಯ ಜಗಳವಿದೆ.

ಅದನ್ನು ಹೇಳಬೇಕೆಂದರೆ ಮೊದಲು ಕಾಮ್ರೇಡ್ ಕಾಕಾ ಯಾರೆಂದು ನಿಮಗೆ ಹೇಳಬೇಕು. ಖಾನಾಪುರದವರು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಚುನಾವಣೆಯ ಚೀಟಿಯಲ್ಲಿ ಆ ಹೆಸರನ್ನೇ ಹಾಕುತ್ತಿದ್ದರಿಂದ ಜನರಿಗೆ ಇವರು ಯಾರೆಂದು ಗೊತ್ತಾಗದೆ ಸೋಲುತ್ತಾರೆ ಎಂದು ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು. ವಿಧಾನಸಭೆಗೆ ಎಷ್ಟು ಸಲ ನಿಂತರೋ ಅಷ್ಟು ಸಲ ಸೋತರು. ಸೋತ ಮರುದಿನವೇ ಹೆಗಲಿಗೆ ಕೆಂಪು ಟವಲು, ಬಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಬೆಳಗಾವಿಯ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು. ಚೀಲದಲ್ಲಿ ಒಂದಷ್ಟು ಅರ್ಜಿ, ಒಂದಷ್ಟು ಬೀಜ.

ಅವರ ಭಾಷಣ ಕೂಲಿಯಿಂದ ಶುರುವಾಗಿ ಅಡವಿಯಲ್ಲಿ ಮುಗಿಯುತ್ತಿತ್ತು. ಮಲಪ್ರಭೆ ಹುಟ್ಟುವುದು ನಮ್ಮ ತಾಲೂಕಿನಲ್ಲಿ, ಇಲ್ಲಿ ಕೊಡಲಿ ಬಿದ್ದರೆ ಹುಬ್ಬಳ್ಳಿಯ ನಳಕ್ಕೆ ನೀರಿಲ್ಲ ಎಂದು ಬೆರಳು ಎತ್ತಿ ಹೇಳುತ್ತಿದ್ದರು. ಹುಬ್ಬಳ್ಳಿಯ ನಳದ ಚಿಂತೆ ಖಾನಾಪುರದ ಮತದಾರನಿಗೆ ಯಾಕಿರಬೇಕು ಹೇಳಿ. ಪಕ್ಷದವರಿಗೂ ಇದು ತಲೆನೋವೇ ಆಗಿತ್ತು. ಕೂಲಿಕಾರರನ್ನು ಬಿಟ್ಟು ಗಿಡ ಹಿಡಿದುಕೊಂಡು ಕೂತಿದ್ದೀರಲ್ಲ ಎಂದು ಒಬ್ಬ ಹಿರಿಯರು ನನ್ನೆದುರೇ ಕೇಳಿದ್ದರು. ಕಾಕಾ ಸಿಟ್ಟಾಗಲಿಲ್ಲ.

“ಗಿಡಾನೂ ಕೂಲಿಕಾರನ ಐತ್ರಿ,” ಎಂದರು. “ಹಗಲೂ ರಾತ್ರಿ ದುಡೀತೈತಿ, ಪಗಾರಿಲ್ಲ, ಸೂಟಿ ಇಲ್ಲ. ಸಂಪು-ಮುಷ್ಕರ ಹೂಡಾಕ ಬರೂದಿಲ್ಲ ಅದಕ್ಕ. ಅದರ ಪರವಾಗಿ ಯಾರರ ಒಬ್ಬರು ನಿಂದರಬೇಕಲ್ಲ.”

ನಾನು ಆಗ ಖಾನಾಪುರದ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ಬಾಯಲ್ಲಿ ಅಕ್ಕೋರು. ಕಾಕಾನ ಮನೆಮಾತು ಮರಾಠಿ. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು, ಬರೆಯಲು ಕೂತರೆ ಮಾತ್ರ ಒತ್ತಕ್ಷರಗಳು ಕಾಲು ಜಾರಿ ಬೀಳುತ್ತಿದ್ದವು. ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಒಂದು ಶನಿವಾರ ಶಾಲೆಯ ಬಾಗಿಲಿಗೆ ಬಂದರು. ನಾನು ಸರಕಾರದ ಅನ್ನ ತಿನ್ನುವವಳು. ನನ್ನ ಹೆಸರು ಎಲ್ಲಿಯೂ ಬರಬಾರದು ಎಂಬ ಕರಾರಿನ ಮೇಲೆ ಒಪ್ಪಿಕೊಂಡೆ. ಅಲ್ಲಿಂದ ಮುಂದೆ ಶನಿವಾರವೆಂದರೆ ಅರ್ಜಿ ಬರೆಯುವ ದಿನವಾಯಿತು. ನಾನು ಬರೆಯುವುದು, ಅವರು ಕೆಳಗೆ ಸಹಿ ಮಾಡುವುದು. ನನ್ನ ಧೈರ್ಯವೆಲ್ಲ ಬರವಣಿಗೆಯಲ್ಲೇ ಇರುತ್ತಿತ್ತು, ಸಹಿಯ ಜಾಗ ಬಂದರೆ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯವರು ಕಾಕಾನನ್ನು ಕರೆಸಿದರು. ಹಳ್ಳದ ದಂಡೆಯ ಮೇಲೆ ಅವರ ಅಜ್ಜಂದಿರು ಹಚ್ಚಿದ ಮಾವಿನ ಸಾಲು ಇತ್ತು. ಹೊಸ ರಸ್ತೆಗೆ ಅದನ್ನು ಕಡಿಯುತ್ತಾರೆ ಎಂಬ ಸುದ್ದಿ. ರವಿವಾರವಾದ್ದರಿಂದ ನಾನೂ ಜೊತೆಗೆ ಹೋದೆ. ಊರಿನವರು ಮರಾಠಿಯಲ್ಲಿ ಝಾಡ ಝಾಡ ಎಂದು ಹೇಳುತ್ತ ಹೋದರು, ಕಾಕಾ ಕನ್ನಡದಲ್ಲಿ ಗಿಡ ಗಿಡ ಎಂದು ನನಗೆ ಹೇಳುತ್ತ ಹೋದರು, ನಾನು ಮಾವಿನ ಬುಡದಲ್ಲಿ ಕೂತು ಗುರುತು ಹಾಕಿಕೊಳ್ಳುತ್ತ ಹೋದೆ. ಸಂಜೆ ಖಾನಾಪುರಕ್ಕೆ ಮರಳಿ ನಾನು ಬರೆದ ಅರ್ಜಿಯನ್ನು ಕಾಕಾ ಓದಿ ತಲೆ ಕೆರೆದುಕೊಂಡರು. ಪುಸ್ತಕದಲ್ಲಿ ಮರ ಅಂತ ಬರೆಯುತ್ತಾರಲ್ಲ, ಹಾಗೆ ಬರೆಯಬೇಕೇನು ಎಂದು ಕೇಳಿದರು.

ನಮ್ಮ ಕಡೆಯ ಸಂಗತಿ ನಿಮಗೆ ಗೊತ್ತಿರಬಹುದು. ಆಲ ಎಷ್ಟು ಬಿಳಲು ಬಿಟ್ಟರೂ ನಮಗೆ ಅದು ಆಲದ ಗಿಡ. ನನ್ನ ತರಗತಿಯ ಮಕ್ಕಳು ಶಾಲೆಯ ಒಳಗೆ ಮರ ಎಂದು ಓದಿ, ಸೂಟಿಯ ಗಂಟೆ ಹೊಡೆದೊಡನೆ ಓಡಿಹೋಗಿ ಗಿಡ ಹತ್ತುತ್ತಿದ್ದರು. ನನಗೋ ಆಗ ಜನರ ಮಾತಿನ ಮೇಲೆ ವಿಪರೀತ ಅಭಿಮಾನ. ನಮ್ಮ ಮಾತಿನಲ್ಲಿಯೇ ಇರಲಿ, ಸರಕಾರವೂ ಸ್ವಲ್ಪ ಕಲಿಯಲಿ ಎಂದು ಠೀವಿಯಿಂದ ಹೇಳಿದೆ. ಕನ್ನಡ ಅಕ್ಕೋರು ಹೇಳಿದ ಮೇಲೆ ಮುಗಿಯಿತು. ಕಾಕಾ ಸಹಿ ಮಾಡಿದರು.

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ಸದರಿ ಜಾಗದಲ್ಲಿ ಗಿಡಗಳು ಮಾತ್ರ ಇರುವುದಾಗಿ ಅರ್ಜಿದಾರರೇ ತಿಳಿಸಿರುತ್ತಾರೆ, ಮರಗಳಿರುವ ಬಗ್ಗೆ ಪ್ರಸ್ತಾಪವಿಲ್ಲ, ಗಿಡಗಂಟಿ ತೆರವಿಗೆ ಅನುಮತಿಯ ಅಗತ್ಯವಿರುವುದಿಲ್ಲ. ಬರೆದ ಅಧಿಕಾರಿ ಮೈಸೂರಿನ ಕಡೆಯವರಂತೆ. ನಿಜವಾಗಿ ತಿಳಿಯಲಿಲ್ಲವೋ, ತಿಳಿಯದಿರುವುದೇ ಅನುಕೂಲವಾಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ನಾವು ಆ ಕಾಗದ ಹಿಡಿದು ಹಳ್ಳಿಗೆ ಓಡಿದಾಗ ಹಳ್ಳದ ದಂಡೆ ಬಯಲಾಗಿತ್ತು. ಕಡಿದ ಬೊಡ್ಡೆಗಳು ಇನ್ನೂ ಹಸಿಯಾಗಿದ್ದವು. ಎಳೆಯ ಮಾವಿನಕಾಯಿ ನೆಲದ ತುಂಬ ಬಿದ್ದಿದ್ದವು, ಗಾಳಿಯಲ್ಲಿ ಸೊನೆಯ ವಾಸನೆ ಇತ್ತು.

ಊರಿನವರು ಸೇರಿದ್ದರು. ಒಬ್ಬ ಮುದುಕ ಉತ್ತರವನ್ನು ಮತ್ತೊಬ್ಬರಿಂದ ಓದಿಸಿ ಕೇಳಿ, ಅರ್ಜಿಯಲ್ಲಿ ಹೀಗೆ ಬರೆದವರು ಯಾರು ಎಂದು ಕೇಳಿದ. ಜೋರು ಮಾಡಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ, ಅಷ್ಟೆ. ನಾನು ಕಾಕಾನ ಹಿಂದೆ ನಿಂತಿದ್ದೆ. ಬಾಯಿ ತೆರೆಯಬೇಕು ಎಂದುಕೊಂಡೆ. ನೌಕರಿ ನೆನಪಾಯಿತು.

“ನಾನ ಬರದದ್ದು,” ಎಂದರು ಕಾಕಾ.

ಮುದುಕ ಕಾಗದವನ್ನು ಅವರ ಕೈಗೆ ಮರಳಿ ಕೊಟ್ಟು ಮನೆಯ ಕಡೆ ನಡೆದ. ಆ ಊರಿನಲ್ಲಿ ಅವರಿಗೆ ಬರುತ್ತಿದ್ದ ನಾಲ್ಕು ಮತವೂ ಅವತ್ತೇ ಹೋದವು. ಬಸ್ಸಿನಲ್ಲಿ ನಾನು ಅಳುತ್ತ ಕೂತಿದ್ದೆ. ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ ಮಾತಾಡಿದರು.

“ಆ ಸಾಹೇಬರ ಊರಾಗ ಗಿಡ ಅಂದ್ರ ತುಳಸಿ ಗಿಡ ಇರಬೇಕ್ರಿ ಅಕ್ಕೋರ. ಅಳಬ್ಯಾಡ್ರಿ. ಇನ್ನ ಮುಂದ ಅಪ್ಪಿಕೊಂಡು ನೋಡಿ ಬರಿಯೂಣು. ಕೈ ಕೂಡಲಿಲ್ಲಂದ್ರ ಅದು ಮರ.”

ನಾನು ಸಮಾಧಾನಕ್ಕೆ ಹೇಳಿದ ಮಾತೆಂದುಕೊಂಡಿದ್ದೆ. ಅವರು ಖರೇನೇ ಹಾಗೆ ಮಾಡತೊಡಗಿದರು. ಯಾವ ಊರಿಗೆ ಹೋದರೂ ಒಂದೊಂದೇ ಬೊಡ್ಡೆಯನ್ನು ತಬ್ಬಿ, ಕೆನ್ನೆ ತೊಗಟೆಗೆ ತಾಗಿಸಿ, ಆ ಕಡೆ ಬೆರಳು ಕೂಡುತ್ತವೋ ಇಲ್ಲವೋ ನೋಡಲು ನನಗೆ ಹೇಳುತ್ತಿದ್ದರು. ಕೂಡದಿದ್ದರೆ ಮರ ಎಂದು ಬರೆದುಕೊಳ್ಳುತ್ತಿದ್ದೆ. ದನ ಕಾಯುವವರು ನಿಂತು ನಗುತ್ತಿದ್ದರು. ಒಮ್ಮೆ ನಾನೂ ತಬ್ಬಲು ಹೋದೆ. ನಾನು ಗಿಡ್ಡ, ತೋಳೂ ಗಿಡ್ಡ. ನಿಮ್ಮ ಅಳತೆಗೆ ನುಗ್ಗೆಯೂ ಮರವಾಗುತ್ತದೆ, ಸರಕಾರ ಒಪ್ಪುವುದಿಲ್ಲ ಎಂದು ಕಾಕಾ ನನ್ನನ್ನು ಆ ಕೆಲಸದಿಂದ ತೆಗೆದುಹಾಕಿದರು. ಆ ರೀತಿಯ ಅರ್ಜಿಗಳಲ್ಲಿ ಕೆಲವು ಗೆದ್ದವು. ಖಾನಾಪುರದ ಸುತ್ತ ಇವತ್ತಿಗೂ ನಿಂತಿರುವ ಕೆಲವು ಸಾಲುಗಳು ಅವರ ಕೆನ್ನೆ ತಾಗಿದವು. ಬಸ್ಸಿನಲ್ಲಿ ಹೋಗುವಾಗ ಗುರುತು ಹಿಡಿಯುತ್ತೇನೆ.

ನಾನು ಬೆಳಗಾವಿಗೆ ವರ್ಗವಾಗಿ ಈ ಮನೆ ಕಟ್ಟಿಸಿದಾಗ ಕಾಕಾ ಗೃಹಪ್ರವೇಶಕ್ಕೆ ಬಂದರು. ಪೂಜೆಯ ಹೊತ್ತು ಹೊರಗೇ ನಿಂತಿದ್ದು, ಊಟದ ಹೊತ್ತಿಗೆ ಒಳಗೆ ಬಂದರು. ಕೈಯಲ್ಲಿ ಹಾಲಿನ ಪಾಕೀಟಿನೊಳಗೆ ಬೆಳೆಸಿದ ಎರಡು ಎಲೆಯ ನೇರಳೆ ಇತ್ತು. ಗೇಟಿನ ಮುಂದೆ ತಾವೇ ಕುಣಿ ತೆಗೆದು ಹಚ್ಚಿದರು. ಇದಕ್ಕೆ ಏನೆನ್ನಬೇಕು ಎಂದು ನಾನು ಕೇಳಿದೆ. ಸದ್ಯಕ್ಕೆ ಗಿಡ ಅನ್ನಿರಿ, ಮುಂದೆ ನೋಡೋಣ ಎಂದು ನಕ್ಕರು. ಹಳ್ಳಿಯ ವಿಷಯ ಅವತ್ತೂ ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡರು. ನಾನೂ ಎತ್ತಲಿಲ್ಲ ಎಂಬುದೇ ನನಗೆ ಹೊಟ್ಟೆಯಲ್ಲಿ ಉಳಿದುಬಿಟ್ಟಿದೆ.

ಕಾಗದ ಓದಿ ಮುಗಿಸಿ ಓಣಿಯ ಎರಡೂ ಕಡೆ ನೋಡಿದೆ. ಯಾರೂ ಇರಲಿಲ್ಲ. ಹಾಲಿನ ಪಾಕೀಟನ್ನು ಕಟ್ಟೆಯ ಮೇಲಿಟ್ಟು, ಈ ವಯಸ್ಸಿನಲ್ಲಿ, ನೇರಳೆಯನ್ನು ಎರಡೂ ತೋಳಿನಿಂದ ತಬ್ಬಿದೆ. ತೊಗಟೆ ತಂಪಾಗಿತ್ತು. ಬೆರಳು ಕೂಡಲಿಲ್ಲ. ಕಾಕಾನ ಉದ್ದ ತೋಳಿಗಾದರೆ ಕೂಡುತ್ತಿತ್ತೋ ಏನೋ, ಆದರೆ ಇವತ್ತು ಇರುವುದು ನನ್ನ ತೋಳು.

“ಏನ್ ಮಾಡಾಕತ್ತೀರಿ ಅಕ್ಕೋರ?”

ಎದುರು ಮನೆಯ ಬ್ಯಾಂಕಿನವರು ಗೇಟಿನಲ್ಲಿ ನಿಂತಿದ್ದರು. ಹಣ್ಣಿನ ಕಲೆ ತಮ್ಮ ಕಾರಿನ ಮೇಲೆ ಬೀಳುತ್ತದೆಂದು ಪ್ರತಿ ವರ್ಷ ನನ್ನೊಡನೆ ವಾದ ಮಾಡುವವರು. ಅಳತೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿ ಒಳಗೆ ಹೋದೆ. ಚಹಾಕ್ಕೂ ಕಾಯದೆ ಅರ್ಜಿ ಬರೆದೆ. ನೇರಳೆ ಮರ ಎಂದು ಬರೆದೆ. ನಮ್ಮಲ್ಲಿ ಇದಕ್ಕೆ ಗಿಡ ಎನ್ನುತ್ತಾರೆ, ಆದರೂ ಇದು ಮರ ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಸಹಿಯ ಜಾಗ ಬಂದಾಗ ಕೈ ರೂಢಿಯಂತೆ ಪೆನ್ನಿನ ಮುಚ್ಚಳ ಹುಡುಕಿತು. ಮುಚ್ಚಳವನ್ನು ದೂರ ಸರಿಸಿ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಅರ್ಜಿ ಹಿಡಿದು ಹೊರಬಂದಾಗ ಬ್ಯಾಂಕಿನವರು ಅಲ್ಲಿಯೇ ಇದ್ದರು. ಇಸಿದುಕೊಂಡು ಎರಡು ಸಲ ಓದಿದರು. ಗಟಾರದ ಕೆಲಸದವರು ಜೋರಿನ ಮಂದಿ, ನಾಳೆ ಓಣಿಗೆ ಬಂದು ಇದನ್ನು ಯಾರು ಬರೆದದ್ದು ಎಂದು ಕೇಳಿದರೆ ಎದುರು ಮನೆಯವರಾದ ತಾವು ಏನು ಹೇಳಬೇಕು ಎಂದು ಮೆಲ್ಲಗೆ ಕೇಳಿದರು.

ನಾನು ಚಪ್ಪಲಿ ಮೆಟ್ಟಿಕೊಂಡೆ.

“ನನ್ನ ಮನಿ ತೋರಸ್ರಿ,” ಎಂದೆ. “ನಾನ ಬರದದ್ದು.”