ಗಾಳೆಮ್ಮ ಎತ್ತಿಟ್ಟ ಹಸಿರು ಬಾಟ್ಲಿ

ಹರಪನಹಳ್ಳಿ ಹೊರಗೆ ಬಿಯರ್ ಫ್ಯಾಕ್ಟರಿ ಶುರುವಾದದ್ದು ಎಪ್ಪತ್ತೆರಡರಲ್ಲಿ. ‘ದುರ್ಗ’ ಎಂಬ ಆ ಬಿಯರಿನ ಕಂದು ಬಾಟ್ಲಿಯ ಮೈಮೇಲೆ ಗಾಜಿನಲ್ಲೇ ಉಬ್ಬಿದ ಕೋಟೆಯ ಚಿತ್ರವಿತ್ತು. ಹೊಸಪೇಟೆ, ದಾವಣಗೆರೆಯಿಂದ ಖಾಲಿ ಬಾಟ್ಲಿಗಳು ಲಾರಿಯಲ್ಲಿ ವಾಪಸು ಬಂದು, ತೊಳೆಸಿಕೊಂಡು, ಮತ್ತೆ ತುಂಬಿ ಹೋಗುತ್ತಿದ್ದವು.

ತೊಳೆದ ಬಾಟ್ಲಿ ನೋಡುವ ಕೆಲಸ ಉಚ್ಚಂಗಿದುರ್ಗದ ಗಾಳೆಮ್ಮನದು. ‘ಹೆಂಡದ ಫ್ಯಾಕ್ಟರಿಗೆ ಹೊಕ್ಕಾಳ’ ಎಂದು ಓಣಿಯವರು ಆಡಿಕೊಂಡರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ಯೂಬ್‌ಲೈಟಿನ ಮುಂದೆ ಸ್ಟೂಲಿನ ಮೇಲೆ ಕೂತು, ಬೆಲ್ಟಿನ ಮೇಲೆ ಸಾಲಾಗಿ ಸಾಗುವ ಬಾಟ್ಲಿಗಳಲ್ಲಿ ಬಿರುಕು, ಕಸ, ಸತ್ತ ಜಿರಳೆ ಏನೇ ಕಂಡರೂ ತೆಗೆದು ಪಕ್ಕಕ್ಕಿಡಬೇಕು. ಏಳು ವರ್ಷದಲ್ಲಿ ಅವಳ ಕಣ್ಣು ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ನೀರಿನ ಲೋಟವನ್ನೂ ಬೆಳಕಿಗೆ ಹಿಡಿಯದೆ ಕುಡಿಯುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಬೇರೊಂದು ಗಾಜಿನ ಕಾರ್ಖಾನೆಯಿಂದ ಅದೇ ಕೋಟೆಯ ಚಿತ್ರದ ಹಸಿರು ಬಾಟ್ಲಿಗಳು ಬಂದವು. ನೋಡಲು ಚೆಂದ, ಆದರೆ ತೆಳು. ಕೋಟೆಯ ಬುಡದಲ್ಲಿ ಕೂದಲೆಳೆಯಂಥ ಗೆರೆ. ಮೊದಲ ದಿನವೇ ಅವಳು ನೂರಕ್ಕೆ ಮೂವತ್ತು ತೆಗೆದಿಟ್ಟಳು. ಸೂಪರ್‌ವೈಸರ್ ಶಿವಯೋಗಪ್ಪ ಓಡಿಬಂದ.

“ಏನವಾ, ಹಿಂಗ ತೆಗದ್ರ ಲಾರಿ ತುಂಬೂದು ಯಾವಾಗ?”

“ಗೆರಿ ಐತ್ರಿ ಇದರಾಗ. ಬಿಸಿನೀರು ತಾಗಿದ್ರ ಒಡಿತಾವು.”

“ಮ್ಯಾಲಿನವ್ರು ನನ್ನ ಕುತ್ತಿಗಿಗೆ ಬರ್ತಾರ. ಬಿಡು, ಹೋಗ್ಲಿ.” ತೆಗೆದಿಟ್ಟವನ್ನೆಲ್ಲ ಅವನೇ ಬೆಲ್ಟಿಗೆ ಹಾಕಿದ.

ಮೂರನೆಯ ದಿನ, ತುಂಬಿದ ಬಾಟ್ಲಿಗಳನ್ನು, ಬಿಯರು ಕೆಡದಿರಲೆಂದು ಕಾಯಿಸುವ ಬಿಸಿನೀರಿನ ತೊಟ್ಟಿಯಿಂದ ತೆಗೆದು ಪೆಟ್ಟಿಗೆಗಿಡುತ್ತಿದ್ದ ಎರ್ರೆಮ್ಮನ ಕೈಯಲ್ಲಿ ಒಂದು ಸಿಡಿಯಿತು. ಕಿರುಚಿದ ಸದ್ದಿಗೆ ಗಾಳೆಮ್ಮ ಸ್ಟೂಲು ಬಿಟ್ಟು ಓಡಿದಳು. ಮುಖ ಮುಚ್ಚಿಕೊಂಡ ಗೆಳತಿಯ ಬೆರಳಸಂದಿಯಿಂದ ರಕ್ತ ಸುರಿಯುತ್ತಿತ್ತು. ಎಡಗಣ್ಣು ಉಳಿಯಲಿಲ್ಲ.

ಎರಡು ದಿನದಲ್ಲಿ ಹಸಿರು ಬಾಟ್ಲಿಗಳನ್ನೆಲ್ಲ ಹಿತ್ತಲಲ್ಲಿ ಒಡೆಸಿ ಗುಂಡಿಗೆ ತಳ್ಳಿದರು. ವಿಚಾರಣೆಗೆ ಲೇಬರ್ ಆಫೀಸರು ಬಂದಾಗ ಮ್ಯಾನೇಜರು, “ಬಾಟ್ಲಿ ಎಲ್ಲಾ ಸರಿ ಇದ್ದವು ಸಾರ್, ಆಕೆಯೇ ಕೈ ಜಾರಿಸಿಕೊಂಡಳು,” ಎಂದರು. ಗಾಳೆಮ್ಮ ಹಿಂದಿನಿಂದ ಎದ್ದು ಬಂದು ಬುತ್ತಿಯ ಗಂಟು ಬಿಚ್ಚಿದಳು. ಎಲ್ಲ ಒಡೆಸುವ ಮೊದಲೇ ಅವಳು ಒಂದು ಹಸಿರು ಬಾಟ್ಲಿಯನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದಿದ್ದಳು.

“ಕಿಟಕಿಗೆ ಹಿಡಿದು ನೋಡ್ರಿ ಸಾಹೇಬ್ರ.”

ಆಫೀಸರು ನೋಡಿ, ಬಾಟ್ಲಿಯನ್ನು ಅವಳ ಕೈಗೇ ವಾಪಸು ಕೊಟ್ಟರು. ಶಿವಯೋಗಪ್ಪನ ಕಡೆ ತಿರುಗಿ, “ಇವರು ಇದನ್ನ ನಿಮಗೆ ಮೊದಲೇ ಹೇಳಿದ್ದರಾ?” ಎಂದು ಕೇಳಿದರು. ಅವನು ಮ್ಯಾನೇಜರ ಮುಖ ನೋಡಿದ, ನೆಲ ನೋಡಿದ. “ಹೇಳಿದ್ರು ಸಾರ್,” ಎಂದ. ಆ ಒಂದು ಮಾತಿಗೆ ಅವನ ಬಡ್ತಿ ನಿಂತುಹೋಯಿತು. ಎರ್ರೆಮ್ಮನಿಗೆ ಕ್ಯಾಂಟೀನಿನಲ್ಲಿ ಕಾಯಂ ಕೆಲಸ ಸಿಕ್ಕಿತು. ತೊಟ್ಟಿಯ ಹೆಂಗಸರಿಗೆಲ್ಲ ಮುಖಕ್ಕೆ ತಂತಿ ಜಾಲರಿ ಬಂತು.

ಎಂಬತ್ತೈದರಲ್ಲಿ ಫ್ಯಾಕ್ಟರಿಯೇ ಮುಚ್ಚಿತು. ಗಾಳೆಮ್ಮ ಶಾಲೆಯಲ್ಲಿ ಅಡುಗೆಗೆ ಸೇರಿಕೊಂಡಳು.

ಮೂರು ವರ್ಷದ ಮೇಲೆ ಕೊಟ್ಟೂರಿನಿಂದ ಗುರುಸಂಗಪ್ಪ ಎಂಬ ನಿವೃತ್ತ ಪೋಸ್ಟ್‌ಮಾಸ್ತರರು ಅವಳನ್ನು ಹುಡುಕಿಕೊಂಡು ಬಂದರು. ಹಳೆ ಬಾಟ್ಲಿ ಕೂಡಿಡುವುದು ಅವರ ಹುಚ್ಚು. ದುರ್ಗದ ಕಂದು ಬಾಟ್ಲಿ ಹನ್ನೆರಡು ಬಗೆಯವು ಅವರ ಹತ್ತಿರ ಇದ್ದವು.

“ಹಸಿರುದು ಎಲ್ಲೂ ಸಿಗವಲ್ದವಾ. ನಿಮ್ಮತ್ರ ಒಂದೈತಿ ಅಂತ ಶಿವಯೋಗಪ್ಪ ಹೇಳಿದ್ರು. ಎಷ್ಟು ಕೇಳಿದ್ರೂ ಕೊಡ್ತೀನಿ.”

“ಅದು ನಂದಲ್ರಿ,” ಎಂದು ಗಾಳೆಮ್ಮ ಬಾಟ್ಲಿ ಹಿಡಿದು ಅವರನ್ನು ಎರ್ರೆಮ್ಮನ ಮನೆಗೆ ಕರೆದೊಯ್ದಳು.

ಎರ್ರೆಮ್ಮ ಬಾಟ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೋಟೆಯ ಮೇಲೆ ಬೆರಳಾಡಿಸಿದಳು. “ಇಷ್ಟು ಚೆಂದ ಇತ್ತೇನ ಇದು? ಅವತ್ತು ನೋಡಾಕ ಪುರಸತ್ತ ಇರಲಿಲ್ಲ,” ಎಂದಳು. ಆಮೇಲೆ, “ಒಯ್ಯಿರಿ. ರೊಕ್ಕ ಬ್ಯಾಡ. ಇದರ ಕತಿ ಬರದಿಡ್ರಿ, ಸಾಕು.”

ಮಾಸ್ತರರು ನೋಟ್‌ಬುಕ್ಕು ತೆಗೆದು ಬರೆದು ಓದಿದರು: “ಒಂದು ಅಪಘಾತದ ಕಾರಣ ಈ ಬಾಟ್ಲಿಗಳನ್ನು ನಾಶಪಡಿಸಲಾಯಿತು.”

“ಅಪಘಾತ ಅಲ್ರಿ,” ಗಾಳೆಮ್ಮನ ದನಿ ಗಟ್ಟಿಯಾಯಿತು. “ಒಡಿತಾವು ಅಂತ ಹೇಳಿದ್ವಿ, ಕೇಳಲಿಲ್ಲ. ಹಂಗ ಬರೀರಿ. ಎರ್ರೆಮ್ಮನ ಹೆಸರೂ ಬರೀರಿ.”

ಮಾಸ್ತರರು ಆ ಸಾಲನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಎರ್ರೆಮ್ಮ ಒಳಗೆ ಹೋಗಿ ಮೂವರಿಗೂ ಚಹಾಕ್ಕೆ ನೀರಿಟ್ಟಳು.