ಹಿಪ್ಪುನೇರಳೆ ತೋಟದ ಗೌಡತಿ

ಲಕ್ಷ್ಮೀದೇವಮ್ಮನವರೇ, ನಿಮ್ಮ ಮನೆತನಕ್ಕೆ ದೊಡ್ಡರೋಗದ ಹೆಸರು ಹಚ್ಚಿದವನು ನಾನು. ಜಾತಕದಲ್ಲಿ ದೋಷ ಕಂಡಿತೆಂದು ನಮ್ಮ ಮನೆಯಿಂದ ಹೇಳಿಕಳಿಸಿದ್ದು ಶುದ್ಧ ಸುಳ್ಳು. ಆ ಸುಳ್ಳಿನ ಹಿಂದೆ ಇದ್ದದ್ದು ನನ್ನ ಭಯ — ಈಗಲೂ ಬಿಟ್ಟಿಲ್ಲ, ಇದನ್ನು ಬರೆಯುವಾಗಲೂ.

ಏಕೀಕರಣಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಶಿಡ್ಲಘಟ್ಟದಲ್ಲಿ, ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನಗೂ ನಿಮಗೂ ವೀಳ್ಯಶಾಸ್ತ್ರ ಆಗಿತ್ತು. ಮಂಡಿಕಲ್ ಹತ್ತಿರದ ನಿಮ್ಮ ಹಿಪ್ಪುನೇರಳೆ ತೋಟದಲ್ಲಿ ಹುಳು ಸಾಕುವ ಮನೆಗೆ ಪಾಯ ತೋಡುವಾಗ ಅಕ್ಷರ ಕೆತ್ತಿದ ಚಪ್ಪಡಿಯೊಂದು ಸಿಕ್ಕಿತು, ಅದರಡಿಯಲ್ಲಿ ಒಂದು ಅಸ್ಥಿಪಂಜರ. ಕಲ್ಲನ್ನು ಓದಿದವರು ವಿಜಯನಗರದ ಕಾಲದ್ದು ಎಂದರು, ಯಾರೋ ಗೌಡತಿಯ ಹೆಸರಿದೆ ಎಂದರು. ನಿಮ್ಮ ತಂದೆಯವರ ಸಂತೋಷ ಹೇಳತೀರದು. “ನಮ್ಮ ವಂಶದೋಳೇ ಕಣಪ್ಪ, ಇನ್ಯಾರು?” ಎಂದು ಊರಿಗೆಲ್ಲ ಹೇಳಿಕೊಂಡು, ಪಾಯದ ಗುಂಡಿಯ ಪಕ್ಕ ದೀಪ ಹಚ್ಚಿಸಿದರು.

ಕಲ್ಲು ಓದುವವರ ಜೊತೆ ಬೆಂಗಳೂರಿನ ಡಾಕ್ಟರೊಬ್ಬರು ಬಂದಿದ್ದರು. ಹಳೆಯ ಎಲುಬುಗಳಲ್ಲಿ ರೋಗದ ಗುರುತು ಹುಡುಕುವ ಗೀಳು ಅವರಿಗೆ. ನಾನು ಭಾವೀ ಅಳಿಯ, ಜೇಬಿನಲ್ಲಿ ಭೂತಗನ್ನಡಿ ಬೇರೆ — ಮೆರೆಯಬೇಡವೇ? ಅವರ ಪಕ್ಕದಲ್ಲೇ ಕೂತು, ತಲೆಬುರುಡೆಯ ಮಣ್ಣನ್ನು ಕುಂಚದಿಂದ ಒರೆಸಿದೆ. ಅವರು ಬುರುಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನ್ನೊಬ್ಬನನ್ನೇ ಹತ್ತಿರ ಕರೆದು ಮೆಲ್ಲಗೆ ತೋರಿಸಿದರು: ಮೂಗಿನ ತೂತಿನ ಅಂಚು ಚೂಪಾಗಿರಬೇಕಿತ್ತು, ಸವೆದು ದುಂಡಗಾಗಿದೆ. ಮುಂದಿನ ಹಲ್ಲು ನಿಲ್ಲುವ ಜಾಗದ ಮೂಳೆ ಕರಗಿದೆ. ಬೆರಳಿನ ಮೂಳೆಗಳು ತುದಿಯಲ್ಲಿ ಕೆತ್ತಿದ ಪೆನ್ಸಿಲಿನಂತೆ ಸಣ್ಣಗಾಗಿವೆ.

“ಕುಷ್ಠ,” ಎಂದರು. “ಅದಕ್ಕೇ ಸುಡದೆ ಹೂಳಿರಬೇಕು. ಮನೆಯವರಿಗೆ ನೀವೇ ನಿಧಾನವಾಗಿ ತಿಳಿಸಿ. ಇದು ತಾಯಿಂದ ಮಗುವಿಗೆ ವಂಶದಲ್ಲಿ ಇಳಿಯೋ ರೋಗ ಅಲ್ಲ, ಈಗ ಮಾತ್ರೆನೂ ಬಂದಿದೆ — ಇದನ್ನೂ ಸೇರಿಸಿ ಹೇಳಿ, ಮರೀಬೇಡಿ.”

ನಾನು ತಲೆಯಾಡಿಸಿದೆ. ಆದರೆ ಆ ಕೊನೆಯ ಮಾತು ಕಿವಿಯ ಹೊರಗೇ ಉಳಿಯಿತು. ಆ ಬುರುಡೆಯನ್ನು ಈ ಕೈಯಲ್ಲೇ ಹಿಡಿದಿದ್ದೆನಲ್ಲ — ಅದೇ ಕೈಯಲ್ಲಿ ನೀವು ಕೊಟ್ಟ ಮಜ್ಜಿಗೆಯ ಲೋಟವನ್ನೂ ಹಿಡಿದಿದ್ದೆ! ಮನೆಗೆ ಬಂದು ಉಗುರಿನ ಸಂದು ಉರಿಯುವವರೆಗೆ ಸೋಪು ತಿಕ್ಕಿದೆ.

ನನ್ನ ಕೆಲಸವೇ ನನ್ನ ಬುದ್ಧಿಯನ್ನು ಕೆಡಿಸಿತ್ತು. ಕೋಠಿಯಲ್ಲಿ ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ಹನಿಯನ್ನು ಮೈಕ್ರೋಸ್ಕೋಪಿನಡಿ ನೋಡುತ್ತೇವೆ. ಹುಳುಗಳನ್ನು ಕೊಲ್ಲುವ ಗಂಟುರೋಗದ ಕಾಳಿನಂಥ ರೋಗಾಣು ಹೊಳೆದರೆ ಸಾಕು, ಆ ತಾಯಿಯ ಮೊಟ್ಟೆಗಳೆಲ್ಲ ಬೆಂಕಿಗೆ. ಹುಳದಲ್ಲಿ ಅದು ನಿಜ, ತಾಯಿಯಿಂದ ಮೊಟ್ಟೆಗೆ ಇಳಿದೇ ಇಳಿಯುತ್ತದೆ. ದಿನವೂ ಕಣ್ಣಾರೆ ಕಂಡ ಆ ನಿಯಮವನ್ನು ನಾನು ಮನುಷ್ಯರಿಗೂ ಹಾಕಿಬಿಟ್ಟೆ. ಗೌಡತಿ ತಾಯಿ, ನೀವು ಮೊಟ್ಟೆ. ನಡುವಿನ ನೂರಾರು ವರ್ಷ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅವಳು ನಿಜಕ್ಕೂ ನಿಮ್ಮ ವಂಶದವಳೋ ಅಲ್ಲವೋ — ಅದನ್ನಾದರೂ ಯೋಚಿಸಿದೆನೇ?

ನಿಮ್ಮ ತಂದೆಗೆ ಹೇಳಬೇಕಾದದ್ದನ್ನು ನಮ್ಮಮ್ಮನಿಗೆ ಹೇಳಿದೆ. ಅದೂ ಅರ್ಧ.

“ಆ ಮನೆ ಹೆಣ್ಣು ಬೇಡ ಕಣಮ್ಮ. ಅಲ್ಲಿ ಸಿಕ್ಕ ಎಲುಬಲ್ಲೇ ಗೊತ್ತಾಯ್ತು, ಅವರಲ್ಲಿ ದೊಡ್ಡರೋಗ ಇದೆ. ತಾಯಿ ಕೆಟ್ಟಿದ್ರೆ ಮೊಟ್ಟೆನೂ ಕೆಟ್ಟಿರುತ್ತೆ.”

ಅಮ್ಮ ಕೈಲಿದ್ದ ಮೊರವನ್ನು ಕೆಳಗಿಟ್ಟು, “ಅಯ್ಯೋ ಶಿವನೇ, ಸದ್ಯ ಬದುಕಿಕೊಂಡ್ಯಲ್ಲೋ,” ಎಂದಳು. ಜಾತಕದ ನೆಪ ಹೇಳಿಕಳಿಸಿ ಸಂಬಂಧ ಮುರಿದಳು. ನಿಜವಾದ ಕಾರಣವನ್ನು ತನ್ನ ಅಕ್ಕನಿಗೆ ಹೇಳಿದಳು, ಅಕ್ಕ ನಾದಿನಿಗೆ. ಎಲುಬಿನ ಮಾತು ದಾರಿಯಲ್ಲೇ ಉದುರಿಹೋಗಿ, ರೋಗದ ಮಾತು ಮಾತ್ರ ನಿಮ್ಮೂರು ತಲುಪಿತು. ನಿಮ್ಮ ತೋಟಕ್ಕೆ ಕೂಲಿಯವರು ಬರದಾದರು, ನಿಮ್ಮ ಬಾವಿಗೆ ಬಿಂದಿಗೆ ಇಳಿಯದಾಯಿತು. ನಿಮ್ಮ ತಂದೆ ಆ ಚಪ್ಪಡಿಯನ್ನು ಕೆರೆಗೆ ತಳ್ಳಿಸಿದರೆಂದು ಕೇಳಿದೆ. ನಿಮಗೆ ಬಂದ ಗಂಡುಗಳೆಲ್ಲ ತಿರುಗಿ ಹೋದರು ಎಂದೂ ಕೇಳಿದೆ. ಕೇಳಿ — ಸುಮ್ಮನಿದ್ದೆ. ಬೇರೆ ಕಡೆ ಮದುವೆಯೂ ಆದೆ.

ಇಷ್ಟೇ ಆಗಿದ್ದರೆ ಅದನ್ನು ದಡ್ಡತನ ಎನ್ನಬಹುದಿತ್ತೋ ಏನೋ. ಮುಂದಿನದಕ್ಕೆ ಆ ಹೆಸರೂ ಸಲ್ಲದು.

ಮದುವೆಯಾದ ಕೆಲವು ವರ್ಷಕ್ಕೆ, ಒಂದು ಸಂಜೆ ಲಾಟೀನು ಹಚ್ಚುವಾಗ ಏನೋ ಸುಟ್ಟ ವಾಸನೆ ಬಂತು. ನೋಡಿದರೆ ನನ್ನದೇ ಮುಂಗೈ, ಬಿಸಿ ಗಾಜಿಗೆ ತಾಗಿಕೊಂಡಿದೆ. ಚರ್ಮ ಬೆಂದಿದ್ದರೂ ನೋವಿಲ್ಲ. ಸುತ್ತ ರೂಪಾಯಿಯಗಲದ ಬಿಳಿಚಿದ ಮಚ್ಚೆ. ಗುರುತಿನವರಿಲ್ಲದ ಊರೆಂದು ಗೌರಿಬಿದನೂರಿಗೆ ಹೋಗಿ, ಡಾಕ್ಟರೊಬ್ಬರಿಗೆ ಬೇರೆ ಹೆಸರು ಹೇಳಿ ತೋರಿಸಿದೆ. ಅವರು ಮಚ್ಚೆಯನ್ನು ಸೂಜಿಯಿಂದ ಚುಚ್ಚಿ, “ಅದೇ ಕಣಪ್ಪ,” ಎಂದರು. ಹಳೆಯ ಎಲುಬು ಮುಟ್ಟಿದ್ದೆ ಎಂದೆ. ಅವರು ನಕ್ಕೇಬಿಟ್ಟರು. “ಎಲುಬಿಂದ ಬರಲ್ಲ, ವಂಶದಿಂದಾನೂ ಬರಲ್ಲ. ಬದುಕಿರೋರ ಜೊತೆ ಇದ್ದೂ ಇದ್ದೂ ಬರೋದು. ಹೆದರ್ಬೇಡ, ಮಾತ್ರೆ ತಗೋ, ವಾಸಿಯಾಗುತ್ತೆ.”

ವಾಸಿಯಾಯಿತು. ವರ್ಷಗಟ್ಟಲೆ ಕಳ್ಳನಂತೆ ಮಾತ್ರೆ ನುಂಗಿದೆ, ಹೆಂಡತಿಗೂ ತಿಳಿಯದಂತೆ, ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು. ರೋಗ ನನ್ನ ಮೈಯಲ್ಲಿತ್ತು, ಹೆಸರು ನಿಮ್ಮ ಮೇಲಿತ್ತು — ಆ ಏರ್ಪಾಟು ನನಗೆ ಅನುಕೂಲವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ ಅದೇ.

ಕಳೆದ ವಾರ ಮೊಟ್ಟೆ ಕೊಳ್ಳಲು ಬಂದ ಚಿಂತಾಮಣಿಯ ರೈತರೊಬ್ಬರು, “ಸ್ವಾಮಿ, ಮಂಡಿಕಲ್ ಕಡೆ ಒಂದು ಹೆಣ್ಣು ನೋಡಿದೀವಿ,” ಎಂದು ಶುರುಮಾಡಿದರು. ಮನೆಯ ಹೆಸರು ಕೇಳಿದರೆ, ನಿಮ್ಮ ತಂಗಿ. ಅಂದು ಗುಂಡಿಯ ಸುತ್ತ ಲಂಗ ಹಿಡಿದು ಓಡಾಡುತ್ತಿದ್ದ ಆ ಮಗು. “ನಮ್ಮ ಹುಡುಗನಿಗೆ ಒಪ್ಪಿಗೆ. ಆದ್ರೆ ಆ ಮನೇಲಿ ಏನೋ ರೋಗ ಅಂತಾರೆ. ನಿಮಗೇನಾದ್ರೂ ಗೊತ್ತಾ?”

ಬಾಯಿ ತೆರೆದೆ. ನನ್ನ ಕೆಲಸ, ನನ್ನ ಮಗಳು, ನೆರೆಹೊರೆ — ಎಲ್ಲ ಕಣ್ಣ ಮುಂದೆ ಬಂದವು.

“ನಂಗೊತ್ತಿಲ್ಲಪ್ಪ,” ಎಂದೆ. “ನೀವೇ ವಿಚಾರಿಸ್ಕೊಳ್ಳಿ.”

ಅವರ ಮುಖ ಇಳಿಯಿತು. ಗೊತ್ತಿದ್ದೂ ಹೇಳುತ್ತಿಲ್ಲ ಎಂದುಕೊಂಡಿರಬೇಕು, ಮೊಟ್ಟೆ ತೆಗೆದುಕೊಂಡು ಹೊರಟರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ನಾನು — ಇಲ್ಲ, ಈ ವಾಕ್ಯ ಮುಗಿಸಲಾರೆ.

ಇವತ್ತು ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿ ಕೈ ತೋರಿಸಿದೆ. ವಾಸಿಯಾಗಿದೆ ಎಂದೂ ಹೇಳಿದೆ. ಅವಳು ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ನಿಮಗೆ ಆಗಿದ್ದು ಏನೆಂದು ನನಗೆ ಆಗ ತಿಳಿಯಿತು.

ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನಾಳೆ ಚಿಂತಾಮಣಿಗೆ, ಆ ರೈತರ ಮನೆಗೆ ಹೋಗುತ್ತೇನೆ. ಭಯ ಹಾಗೇ ಇದೆ, ಒಂದಿಷ್ಟೂ ಕಡಿಮೆಯಾಗಿಲ್ಲ. ಜಗಲಿ ಹತ್ತಬೇಡ ಎಂದರೆ ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳುತ್ತೇನೆ: ರೋಗ ಬಂದಿದ್ದು ನಂಗೆ, ಆ ಮನೆಯವರಿಗಲ್ಲ.